ಪದಚರ್ಚೆ: ‘ಹಿಮಪಾತ’ ಸುರಿಯುವುದೋ, ಜರಿಯುವುದೋ, ಹರಿಯುವುದೋ?

ಬಳಗದವರಿಗೆ ನಮಸ್ಕಾರ.

ಬೆಂಗಳೂರಿನ ಚಾರಣಿಗರ ಗುಂಪೊಂದು ಹಿಮಾಲಯಕ್ಕೆ ಹೊರಡುವ ಹೊಸಬರಿಗಾಗಿ ಕನ್ನಡದಲ್ಲಿ ಕೈಪಿಡಿ ತರುತ್ತಿದೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಲಕರಣೆಗಳ ಹೆಸರು ತೊಂದರೆ ಕೊಡಲಿಲ್ಲ. ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಮುಳ್ಳಿನ ಚೌಕಟ್ಟು), ಕ್ಯಾರಾಬಿನರ್ (ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ) ಹಾಗೇ ಉಳಿದಿವೆ. ಬೆಂಗಳೂರಿನ ತುರಹಳ್ಳಿಯ ಬಂಡೆ ಹತ್ತಿ ಕಲಿಯುವ ಹುಡುಗರ ಬಾಯಲ್ಲೂ ಅವೇ ಇವೆ. ಕೈ ನಿಂತಿರುವುದು ‘ಹಿಮಪಾತ’ದಲ್ಲಿ.

ಕರಡಿನಲ್ಲಿ ಈ ಪದ ಮೂರು ಅರ್ಥದಲ್ಲಿ ಬಂದಿದೆ. ಆಕಾಶದಿಂದ ಹಿಮ ಸುರಿಯುವುದು ಒಂದು. ಇಳಿಜಾರಿನಲ್ಲಿ ಕೂತಿದ್ದ ಹಿಮ ಒಮ್ಮೆಗೇ ಜರಿದು ಬರುವುದು, ಅಂದರೆ ಅವಲಾಂಚ್, ಇನ್ನೊಂದು. ಹಿಮನದಿಯು ಕಡಿದಾದ ಜಾಗಕ್ಕೆ ಬಂದಾಗ ಬಿರುಕುಬಿಟ್ಟು, ಒಡೆದು, ಗೋಪುರಗಳಂತೆ ನಿಲ್ಲುತ್ತದಲ್ಲ, ಆ ಐಸ್‌ಫಾಲ್ ಮೂರನೆಯದು. ಒಂದು ವಾಕ್ಯವಂತೂ ಹೀಗಿತ್ತು: ‘2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪಾತದಲ್ಲಿ ಹಿಮಪಾತವಾಗಿ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು.’ ಇಲ್ಲಿ ಮೊದಲ ಹಿಮಪಾತ ಐಸ್‌ಫಾಲ್, ಎರಡನೆಯದು ಅವಲಾಂಚ್. ಎವರೆಸ್ಟಿನ ಪಶ್ಚಿಮ ಭುಜದ ಮೇಲೆ ತೂಗಿಕೊಂಡಿದ್ದ ಭಾರಿ ಮಂಜುಗಡ್ಡೆ ಮುರಿದು, ಕೆಳಗೆ ಹೊರೆ ಹೊತ್ತು ಹೋಗುತ್ತಿದ್ದವರ ಮೇಲೆ ಬಿತ್ತು. ಈ ವಾಕ್ಯ ಓದಿದವರು ಅಲ್ಲಿ ಅವತ್ತು ಜೋರಾಗಿ ಹಿಮ ಸುರಿಯಿತು ಅಂದುಕೊಂಡರೆ ಅವರದೇನು ತಪ್ಪು?

ನಮ್ಮ ಪತ್ರಿಕೆಗಳಲ್ಲೂ ಇದೇ ಗೋಜಲು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೂ ಜೊತೆಯ 9 ಸೈನಿಕರೂ ಹೂತುಹೋದದ್ದನ್ನು ಹಿಮಪಾತವೆಂದೇ ಓದಿದೆವು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕರ್ನಾಟಕದ 9 ಮಂದಿ ತೀರಿಕೊಂಡಾಗಲೂ ಅದೇ ಪದ ಕಣ್ಣಿಗೆ ಬಿತ್ತು. ಅಲ್ಲಿ ಯಾರೂ ಹೂತುಹೋಗಲಿಲ್ಲ. ಹಿಮಗಾಳಿಗೆ ಸಿಕ್ಕಿ, ದಾರಿ ಕಾಣದೆ, ಮೈಯ ಕಾವು ಇಳಿದು ಹೋದರು. ಕೈಪಿಡಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಹಿಮದಡಿ ಹೂತವರನ್ನು ಮೊದಲ 15 ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಹೆಚ್ಚು, ಆಮೇಲೆ ಅದು ಸರಸರನೆ ಇಳಿಯುತ್ತದೆ. ಹಿಮಗಾಳಿಯಲ್ಲಾದರೆ ಮರೆ ಹಿಡಿದು ಮೈ ಬೆಚ್ಚಗಿಡಬೇಕು. ಎರಡಕ್ಕೂ ಒಂದೇ ತಲೆಬರಹ ಹಾಕಲು ನನಗೆ ಮನಸ್ಸಿಲ್ಲ.

ತಮಾಷೆಯೆಂದರೆ ಮೂರು ಅರ್ಥಕ್ಕೂ ಪದದ ಮೇಲೆ ಹಕ್ಕಿದೆ. ಪಾತ ಎಂದರೆ ಬೀಳುವುದು, ಹಿಮ ಬಿದ್ದರೆ ಹಿಮಪಾತ. ನದಿ ಧುಮುಕಿದರೆ ಜಲಪಾತವಾದ ಮೇಲೆ ಹಿಮನದಿ ಇಳಿಯುವ ಜಾಗಕ್ಕೆ ಹಿಮಪಾತ ಎಂದವರನ್ನು ದೂರುವಂತಿಲ್ಲ. ಹಿಂದಿಯವರು ಸುರಿಯುವುದಕ್ಕೆ ಹಿಮಪಾತ, ಜರಿಯುವುದಕ್ಕೆ ಹಿಮಸ್ಖಲನ ಎಂದು ಹಂಚಿಕೊಂಡಿದ್ದಾರೆ. ಸ್ಖಲನ ನಮ್ಮಲ್ಲಿ ಬೇಡ, ಕಾರಣ ಹೇಳಬೇಕಿಲ್ಲ!

ನನ್ನ ಒಲವು ಹೀಗಿದೆ. ಸುರಿಯುವುದಕ್ಕೆ ಹಿಮಪಾತವೇ ಇರಲಿ. ಮಂಜು ಬೀಳುವುದು ಎಂದರೆ ನಮ್ಮ ಊರಲ್ಲಿ ಜನವರಿ ಬೆಳಗಿನ ಮುಸುಕು ನೆನಪಾಗುತ್ತದೆ, ಅದು ಆಗದು. ಅವಲಾಂಚ್‌ಗೆ ಹಿಮಕುಸಿತ. ಭೂಕುಸಿತ ಎಲ್ಲರಿಗೂ ಗೊತ್ತು, ಕೆಲವು ವರದಿಗಾರರು ಹಿಮಕುಸಿತವನ್ನೂ ಆಗಲೇ ಬಳಸುತ್ತಿದ್ದಾರೆ. ಒಂದು ಕೊಸರು ಮಾತ್ರ ಇದೆ. ಗೋಡೆ ಕುಸಿಯುವುದು ನಿಂತಲ್ಲೇ. ಆದರೆ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಡಿಯ ಸಡಿಲ ಪದರ ಕೈಕೊಟ್ಟು, ಮೇಲಿನ ಗಟ್ಟಿ ಹಿಮ ಹಲಗೆಯಾಗಿ ಜಾರಿ ಬರುತ್ತದೆ. ಅದಕ್ಕೆ ‘ಜರಿ’ ಎಂಬ ಕ್ರಿಯಾಪದ ಹೆಚ್ಚು ಒಪ್ಪುತ್ತದೆ. ಗುಡ್ಡ ಜರಿಯಿತು ಅನ್ನುತ್ತೇವಲ್ಲ. ಅದರಿಂದ ಒಂದು ನಾಮಪದ ಮಾಡಹೊರಟರೆ ನಾಲಿಗೆ ತಡವರಿಸುತ್ತದೆ, ಜೊತೆಗೆ ಬೈಯುವ ಅರ್ಥವೂ ನುಸುಳುತ್ತದೆ.

ಐಸ್‌ಫಾಲ್‌ಗೆ ‘ಹಿಮದಬ್ಬಿ’ ಎಂದರೆ ಹೇಗೆ? ಕೊಡಗು, ಮಲೆನಾಡಿನ ಅಬ್ಬಿ, ಅಂದರೆ ಜಲಪಾತ, ಕನ್ನಡಿಗರಿಗೆ ಹೊಸದಲ್ಲ. ಖುಂಬುವಿನಲ್ಲಿ ಮಂಜುಗಡ್ಡೆ ದಿನಕ್ಕೆ ಸುಮಾರು ಒಂದು ಮೀಟರ್ ಸರಿಯುತ್ತದೆ, ಹರಿಯುವ ಅಂಶ ಇದ್ದೇ ಇದೆ. ಅಲ್ಲಿ ಪ್ರತಿ ವಸಂತದಲ್ಲಿ ಏಣಿ, ಹಗ್ಗ ಕಟ್ಟಿ ದಾರಿ ಮಾಡುವ ಶೆರ್ಪಾಗಳಿಗೆ ಐಸ್‌ಫಾಲ್ ಡಾಕ್ಟರ್ಸ್ ಎಂಬ ಹೆಸರಿದೆ. ಕರಡಿನಲ್ಲಿ ಅವರು ‘ಹಿಮಪಾತ ವೈದ್ಯರು’ ಆಗಿದ್ದರು, ಹಿಮಕ್ಕೆ ಬೆರಳು ಸೆಡೆತವರಿಗೆ ಮದ್ದು ಕೊಡುವವರ ಹಾಗೆ. ಸದ್ಯಕ್ಕೆ ‘ಅಬ್ಬಿಯ ದಾರಿಗಾರರು’ ಎಂದು ತಿದ್ದಿದ್ದೇನೆ, ನನಗೇ ಪೂರಾ ಒಪ್ಪಿಗೆಯಿಲ್ಲ.

ಕೊಡಗಿನವರು ಬರೆ ಕುಸಿತ ಅನ್ನುತ್ತಾರೆ, ಮಲೆನಾಡಿನಲ್ಲಿ ಧರೆ ಕುಸಿಯುತ್ತದೆ. ಉತ್ತರ ಕನ್ನಡದ ಕಡೆಯವರೇ, ಗುಡ್ಡ ಜರಿಯುವುದಕ್ಕೆ ನಿಮ್ಮ ಮನೆಮಾತಿನಲ್ಲಿ ನಾಮಪದ ಏನಾದರೂ ಇದೆಯೆ? ಹಳೆಯ ನಿಘಂಟುಗಳನ್ನು ಕೈಯಳತೆಯಲ್ಲಿ ಇಟ್ಟುಕೊಂಡವರು ‘ಹಿಮಪಾತ’ಕ್ಕೆ ಕೊಟ್ಟ ಅರ್ಥ ನೋಡಿ ತಿಳಿಸಿದರೆ ಉಪಕಾರ. ದಸರೆ ಕಳೆದ ಮೇಲೆ ಕರಡು ಅಚ್ಚಿಗೆ ಹೋಗುತ್ತದೆ.