ಲಿನೋ ಅಚ್ಚಿನ ಕಾಗದದಲ್ಲಿ ಜೋಡಣೆ ಗೆರೆ ಎದ್ದು ಕಾಣುತ್ತಿದೆ, ಏನು ಮಾಡಲಿ?

ಕಾಪು ಹುಡುಗಿ:
ನೋಟ್‌ಬುಕ್ ಹೊಲಿದು ಬೈಂಡ್ ಮಾಡುತ್ತೇನೆ. ರಟ್ಟಿನ ಒಳಮೈಗೆ ಅಂಟಿಸಲು ಶಂಕರಪುರ ಮಲ್ಲಿಗೆ ಮೊಗ್ಗಿನ ಲಿನೋ ಅಚ್ಚು (ಮೆತ್ತಗಿನ ಲಿನೋಲಿಯಂ ಹಾಳೆಯದ್ದು) ಕೆತ್ತಿದೆ, ನಾಲ್ಕಿಂಚು ಚೌಕ. ಒಂದೊಂದೇ ಅಚ್ಚು ಚೆಂದ. ಪಕ್ಕಪಕ್ಕ ಒತ್ತಿದರೆ ಬಾತ್‌ರೂಮ್ ಟೈಲ್ಸ್ ಹಾಗೆ ಕಾಣುತ್ತದೆ! ಆಯಿಲ್ ಇಂಕ್ ಬೇರೆ, ಈ ಮಳೆಯಲ್ಲಿ ಒಣಗುವುದೇ ಇಲ್ಲ.

ರಥಬೀದಿ ಬೈಂಡರ್:
ನಿಮ್ಮ ಹೂವು ಚೌಕದೊಳಗೇ ಮುಗಿದುಬಿಡುತ್ತದೆ, ಅದಕ್ಕೇ ಹಾಗೆ. ಬಳ್ಳಿ ಅಂಚು ದಾಟಬೇಕು. ಒಂದು ಚೌಕ ಕಾಗದದ ನಡುವೆ ಮಾತ್ರ ಚಿತ್ರ ಬಿಡಿಸಿ, ಅಂಚು ಮುಟ್ಟಬೇಡಿ. ಉದ್ದಕ್ಕೆ ಸರಿ ಅರ್ಧ ಕತ್ತರಿಸಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟು ಹಿಂದೆ ಟೇಪ್ ಹಾಕಿ. ಆಮೇಲೆ ಅಡ್ಡಕ್ಕೂ ಹಾಗೇ. ನಡುವೆ ಖಾಲಿ ಜಾಗ ಉಳಿಯುತ್ತದಲ್ಲ, ಅಲ್ಲಿ ಬಳ್ಳಿ ತುಂಬಿಸಿ. ಈಗ ನಾಲ್ಕೂ ಅಂಚು ತಾನಾಗಿ ಕೂಡುತ್ತವೆ. ಅದನ್ನೇ ಲಿನೋಗೆ ಇಳಿಸಿ.

ಇನ್ನು ಇಂಕ್. ಅದರ ಎಣ್ಣೆ ಗಾಳಿ ಕುಡಿದು ಗಟ್ಟಿಯಾಗಬೇಕು. ಆಟಿ ತಿಂಗಳ ಮಳೆಯಲ್ಲಿ ಅದು ತುಂಬ ತಡ ಮಾಡುತ್ತದೆ ಮಾರಾಯ್ರೆ. ಹಳಬರು ಏನು ಮಾಡುತ್ತಿದ್ದರು ನೋಡಿ. ಇಟಲಿಯ ಬಸ್ಸಾನೋದಲ್ಲಿ ರೆಮೊಂಡಿನಿ ಮನೆತನದ ಪ್ರೆಸ್ ಇತ್ತು. 1861ರಲ್ಲಿ ಮುಚ್ಚಿತು. ಅಲ್ಲಿಯವರೆಗೆ ಮರದ ಅಚ್ಚಿನ ಹೂವಿನ ಕಾಗದ ರಾಶಿರಾಶಿ ಮಾರಿದರು. ಸಣ್ಣ ಚುಕ್ಕಿ, ಎಳೆಗಳು ಮರದಲ್ಲಿ ಬೇಗ ಸವೆಯುತ್ತವೆ. ಅದಕ್ಕೆ ಅಚ್ಚಿಗೆ ಲೋಹದ ಮೊಳೆ, ಪಟ್ಟಿ ಹೊಡೆದು ಕೂರಿಸುತ್ತಿದ್ದರು. 18ನೇ ಶತಮಾನದ ಫ್ರಾನ್ಸಿನಲ್ಲೂ ತೆಳು ಪುಸ್ತಕಗಳಿಗೆ ಇಂಥದ್ದೇ ಹೊದಿಕೆ. ಚರ್ಮ ದುಬಾರಿ, ಅಲ್ವಾ? ಆ ಕಾಲದ ಇಂಥ ಕಾಗದಗಳಿಗೆ ನೀರಿನಲ್ಲಿ ಕಲಸಿದ ಬಣ್ಣ ಜಾಸ್ತಿ ಬಳಕೆಯಲ್ಲಿತ್ತು. ನೀವೂ ಮೈದಾ ಗೋಂದು ತೆಳ್ಳಗೆ ಕಾಯಿಸಿ, ಪೋಸ್ಟರ್ ಕಲರ್ ಸೇರಿಸಿ, ಸ್ಪಂಜಿನಲ್ಲಿ ಹಚ್ಚಿ.

ಅಡಿಕೆ ತೋಟ ಕಾರ್ಕಳ:
ಮೈದಾ ಅಂದರೆ ಜಿರಳೆಗೆ ಊಟ ಬಡಿಸಿದ ಹಾಗೆ. ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರ ಮನೆಯಲ್ಲಿ ಇದ್ದೇ ಇರುತ್ತದೆ.

ರಥಬೀದಿ ಬೈಂಡರ್:
ಸರಿ, ಆದರೆ ಅಂಟಿಸುವ ಗೋಂದಿಗೆ ಮಾತ್ರ. ಬಣ್ಣಕ್ಕೆ ಹಾಕಿದರೆ ನಿಮ್ಮ ಬಿಳಿ ಮಲ್ಲಿಗೆ ನೀಲಿ ಮಲ್ಲಿಗೆ ಆದೀತು. ವಿಷ ಅದು, ಅಡುಗೆ ಪಾತ್ರೆ ಮುಟ್ಟಿಸಬೇಡಿ.

ಕಾಪು ಹುಡುಗಿ:
ಥ್ಯಾಂಕ್ಸ್ ಅಣ್ಣ. ಪ್ರೆಸ್ ಇಲ್ಲ, ಕೈಯಲ್ಲೇ ಒತ್ತಬಹುದಾ?

ರಥಬೀದಿ ಬೈಂಡರ್:
ಧಾರಾಳವಾಗಿ. ಲಿನೋವನ್ನು ಮರದ ತುಂಡಿಗೆ ಅಂಟಿಸಿ. ಕಾಗದದ ಅಡಿಗೆ ಹಳೇ ಕಂಬಳಿ ಮಡಚಿ ಹಾಕಿ. ಅಚ್ಚು ಇಟ್ಟು ಅಂಗೈಯಲ್ಲಿ ಒಂದು ಗುದ್ದು. ಅಲ್ಲಲ್ಲಿ ಬಣ್ಣ ತೆಳುವಾದರೆ ಸುಮ್ನೆ ಬಿಡಿ, ತಿದ್ದಲು ಹೋಗಬೇಡಿ. ಪೂರ್ತಿ ಒಂದೇ ಸಮ ಬೇಕಿದ್ದರೆ ಅಂಗಡಿಯ ಗಿಫ್ಟ್ ಪೇಪರ್ ಇದೆಯಲ್ಲ.