ಬಿ.ಎಸ್ಸಿ: ಕ್ಲಾಸಿಗೆ ಹೋಗಲೇಬೇಕಾ, ಮಾರ್ಕ್ಸ್ ಬಂದರೆ ಸಾಲದಾ?

ಕದ್ರಾ_ಬಸ್ಸು:
ಕಾರವಾರದಲ್ಲಿ ಬಿ.ಎಸ್ಸಿ ಮೂರನೇ ಸೆಮಿಸ್ಟರ್, ಕೆಮಿಸ್ಟ್ರಿ ಮತ್ತು ಜುವಾಲಜಿ. ಮಳೆಗಾಲದಲ್ಲಿ ಬಸ್ಸು ತಡವಾಗಿ ಮೊದಲ ಪಿರಿಯಡ್ ತಪ್ಪುತ್ತದೆ. ನೋಟ್ಸ್ ವಾಟ್ಸಾಪಿನಲ್ಲಿ ಸಿಗುತ್ತದೆ, ಹಳೆಯ ಪ್ರಶ್ನೆಪತ್ರಿಕೆಗಳಿವೆ, ಮಾರ್ಕ್ಸೂ ಚೆನ್ನಾಗಿದೆ. ಹಾಜರಾತಿಗೆ ಬೇಕಾದಷ್ಟು ಮಾತ್ರ ಹೋಗಿ ಉಳಿದದ್ದು ಮನೆಯಲ್ಲೇ ಓದಿದರೆ ನಷ್ಟವೇನು? ಮುಂದೆ ಎಂ.ಎಸ್ಸಿ ಮಾಡುವ ಆಸೆಯಿದೆ.

ಕೋಡಿಬಾಗ_ದಡ:
ನಷ್ಟ ಎಲ್ಲಿ ಅಂತ ಒಂದು ಪ್ರಾಕ್ಟಿಕಲ್ ಹಿಡಿದೇ ಹೇಳುತ್ತೇನೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ನೋಟ್ಸಿನಲ್ಲಿ ಐದು ಸಾಲು. 300 ಮಿ.ಲೀ. ಬಿಒಡಿ ಬಾಟಲಿ (ಗಾಳಿ ಸೇರದಂತೆ ಮುಚ್ಚುವ ಗಾಜಿನ ಬಾಟಲಿ) ತುಂಬಿಸಿ, ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಆಲ್ಕಲೈನ್ ಅಯೊಡೈಡ್ 2 ಮಿ.ಲೀ. ಹಾಕಿ ಕಂದು ಗಸಿ ತಳಕ್ಕೆ ಕೂರಲು ಬಿಡಬೇಕು. ಆಮೇಲೆ ಗಂಧಕಾಮ್ಲ 2 ಮಿ.ಲೀ. ಹಾಕಿ ಗಸಿ ಕರಗಿಸಿ, 200 ಮಿ.ಲೀ. ತೆಗೆದು 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡುವುದು, ಅಂದರೆ ಬಣ್ಣ ಹೋಗುವವರೆಗೆ ಅದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತು ಅಂತ ನೋಡುವುದು. 1 ಮಿ.ಲೀ. ಖರ್ಚಾದರೆ ಲೀಟರಿಗೆ ಸುಮಾರು 1 ಮಿ.ಗ್ರಾಂ ಆಮ್ಲಜನಕ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ.

ಕೈಯಿಂದ ಮಾಡುವಾಗ ಕೆಡುವುದು ಬೇರೆ ಕಡೆ. ಮುಚ್ಚಳದಡಿ ಒಂದು ಗುಳ್ಳೆ ಉಳಿದರೂ ಅದರ ಆಮ್ಲಜನಕ ಸೇರಿ ರೀಡಿಂಗ್ ಏರುತ್ತದೆ. ಮೊದಲೆರಡು ದ್ರಾವಣಗಳನ್ನು ಪಿಪೆಟ್ಟಿನ ತುದಿ ನೀರಿನೊಳಗಿಟ್ಟು ಬಿಡಬೇಕು. ಪಿಷ್ಟವನ್ನು (ಅಯೊಡಿನ್ ಇದ್ದರೆ ನೀಲಿಯಾಗುವ ಸೂಚಕ) ಬಣ್ಣ ತೆಳು ಹಳದಿಗೆ ಇಳಿದ ಮೇಲೇ ಹಾಕಬೇಕು. ಮೊದಲೇ ಹಾಕಿದರೆ ಅದು ಅಯೊಡಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನೀಲಿ ನಿಧಾನ ಹೋಗುತ್ತದೆ, ಥಯೋಸಲ್ಫೇಟ್ ಹೆಚ್ಚಾಗುತ್ತದೆ. ನೀಲಿ ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಅದು ಗಾಳಿಯಿಂದ ಬಂದದ್ದು, ಪುನಃ ಟೈಟ್ರೇಟ್ ಮಾಡಬಾರದು. ತೆಳು ಹಳದಿ ಅಂದರೆ ಎಷ್ಟು ತೆಳು? ಅದನ್ನು ಮೇಷ್ಟ್ರು ಪಕ್ಕದಲ್ಲಿ ನಿಂತು "ಈಗ ಹಾಕು" ಅಂದಾಗಲೇ ಕಣ್ಣಿಗೆ ಹತ್ತುವುದು.

ಜುವಾಲಜಿಯ ಫೀಲ್ಡ್ ಟ್ರಿಪ್ಪಂತೂ ಬಿಡಲೇಬೇಡಿ. ಕಡಲ ಬಂಡೆಗಳ ಮೇಲಿನ ಜೀವಿಗಳು ಪೂರ್ತಿ ಕಾಣಬೇಕಾದರೆ ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರದ ದೊಡ್ಡ ಇಳಿತವೇ ಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮರುವಾರ ಅದೇ ಹೊತ್ತಿಗೆ ಹೋದರೆ ಅದೇ ಬಂಡೆ ನೀರಿನಡಿ ಇರುತ್ತದೆ.

ದೇವಿಮನೆ_ಘಾಟ್:
ಹಾಜರಾತಿ ಲೆಕ್ಕವನ್ನೂ ಸರಿಯಾಗಿ ನೋಡಿಕೊಳ್ಳಿ. ಶೇ. 75 ಅನ್ನುವುದನ್ನು ದಿನಗಳಲ್ಲಿ ಎಣಿಸಬೇಡಿ, ಒಂದೊಂದು ವಿಷಯಕ್ಕೂ ಬೇರೆ ಬೇರೆ ಎಣಿಸಿ. ವಾರಕ್ಕೆ 4 ತಾಸಿನಂತೆ 16 ವಾರಕ್ಕೆ 64 ತಾಸು, ಅದರಲ್ಲಿ 48 ಆಗಲೇಬೇಕು, ಕೈಯಲ್ಲಿ ಉಳಿಯುವುದು 16. ತಡವಾದ ಬಸ್ಸು ಎಲ್ಲ ವಿಷಯದಿಂದ ಸಮನಾಗಿ ಕಳೆಯುವುದಿಲ್ಲ. ವಾರಕ್ಕೆ ಮೂರು ಸಲ ಮೊದಲ ಪಿರಿಯಡ್ ಕೆಮಿಸ್ಟ್ರಿಯೇ ಇದ್ದರೆ ಆರನೇ ವಾರಕ್ಕೇ ಆ 16 ಮುಗಿದಿರುತ್ತದೆ, ಉಳಿದ ವಿಷಯಗಳಲ್ಲಿ ಶೇ. 90 ಇದ್ದರೂ ಸಹಿತ. ಟೈಮ್‌ಟೇಬಲ್ ತೋರಿಸಿ ವಿಭಾಗದ ಮುಖ್ಯಸ್ಥರ ಹತ್ತಿರ ಜೂನ್, ಜುಲೈನಲ್ಲೇ ಮಾತಾಡಿ. ಪರೀಕ್ಷೆ ಹತ್ತಿರ ಬಂದ ಮೇಲೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಅಘನಾಶಿನಿ:
ಮಾರ್ಕ್ಸ್ ಬೇಡ ಅಂತ ಯಾರೂ ತಿಳಿಯಬಾರದು. ಎಂ.ಎಸ್ಸಿ ಮೂಲಕ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಲು ಸಾಮಾನ್ಯ ವರ್ಗಕ್ಕೆ ಎಂ.ಎಸ್ಸಿಯಲ್ಲಿ ಶೇ. 55 ಬೇಕೇ ಬೇಕು. ಆದರೆ ಅದು ಒಳಗೆ ಬಿಡುವ ಅಳತೆ, ಅಷ್ಟೇ. ಎಂ.ಎಸ್ಸಿಗೆ ಐಐಟಿಗಳ ಜಾಮ್ ಪ್ರವೇಶ ಪರೀಕ್ಷೆ ನೋಡಿ: 3 ತಾಸು, 60 ಪ್ರಶ್ನೆ, 100 ಅಂಕ. ಅದರಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳಿಗೆ ಅರ್ಧ ಸರಿಯಾದರೆ ಅಂಕವೇ ಇಲ್ಲ. ಸೆಮಿಸ್ಟರಿನಲ್ಲಿ "ಫಸ್ಟ್ ಆರ್ಡರ್ ಕ್ರಿಯೆಯ ಸಮೀಕರಣ ಸಾಧಿಸಿ" ಅಂತ ಕೇಳುತ್ತಾರೆ (ಆರ್ಡರ್ ಅಂದರೆ ಕ್ರಿಯೆಯ ವೇಗ ಸಾಂದ್ರತೆಯ ಎಷ್ಟನೇ ಘಾತದಂತೆ ಬದಲಾಗುತ್ತದೆ ಅನ್ನುವ ಅಂಕೆ), ಬಾಯಿಪಾಠ ಸಾಕು. ಜಾಮ್‌ನಂಥ ಪರೀಕ್ಷೆಯಲ್ಲಿ ಆರಂಭದ ಸಾಂದ್ರತೆ ಎರಡು ಪಟ್ಟಾದಾಗ ಅರ್ಧಾಯುಷ್ಯ (ಅರ್ಧ ಪದಾರ್ಥ ಮುಗಿಯಲು ಬೇಕಾದ ಹೊತ್ತು) ಅರ್ಧಕ್ಕಿಳಿಯಿತು, ಆರ್ಡರ್ ಎಷ್ಟು ಅನ್ನಬಹುದು. ಎರಡು. ಬದಲಾಗದಿದ್ದರೆ ಒಂದು, ದುಪ್ಪಟ್ಟಾದರೆ ಸೊನ್ನೆ. ಕ್ಲಾಸಿನಲ್ಲಿ ಯಾರಾದರೂ ಕೈ ಎತ್ತಿ "ಯಾಕೆ ಸರ್?" ಅಂದಾಗ ಬೋರ್ಡಿನ ಮೇಲೆ ಬರುವುದು ಇದೇ. ಫೋಟೋ ತೆಗೆದ ನೋಟ್ಸಿನಲ್ಲಿ ಆ ಪ್ರಶ್ನೆಯೂ ಇರುವುದಿಲ್ಲ, ಉತ್ತರವೂ ಇರುವುದಿಲ್ಲ.

ಕದ್ರಾ_ಬಸ್ಸು:
ಸರಿ, ಹೋಗುತ್ತೇನೆ. ರೆಡ್ ಅಲರ್ಟ್ ಕೊಟ್ಟ ದಿನ ನಮ್ಮ ಕಡೆ ಬಸ್ಸೇ ಇಲ್ಲದಿದ್ದರೆ?

ಕೋಡಿಬಾಗ_ದಡ:
ಅವತ್ತೇ ಗೆಳೆಯರ ನೋಟ್ಸ್ ತರಿಸಿ ಕೈಯಲ್ಲಿ ಬರೆದುಕೊಳ್ಳಿ, ಫೋಟೋ ಇಟ್ಟುಕೊಂಡರೆ ಓದುವುದು ಪರೀಕ್ಷೆಯ ಹಿಂದಿನ ದಿನವೇ. ಬರೆಯುವಾಗ ಯಾವ ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು ತಿಳಿಯಲಿಲ್ಲವೋ ಅಲ್ಲಿ ಗೆರೆ ಹಾಕಿ, ಮರುದಿನ ಪಿರಿಯಡ್ ಮುಗಿದ ಮೇಲೆ ಆ ಸಾಲನ್ನೇ ತೋರಿಸಿ ಕೇಳಿ. "ನಿನ್ನೆ ಏನಾಯಿತು ಸರ್" ಅಂತ ಕೇಳಿದರೆ ಅವರಿಗೂ ಎಲ್ಲಿಂದ ಹೇಳಬೇಕು ಗೊತ್ತಾಗುವುದಿಲ್ಲ. ಪ್ರಾಕ್ಟಿಕಲ್ ತಪ್ಪಿದರೆ ಇನ್ನೊಂದು ಬ್ಯಾಚಿನ ಜೊತೆ ಮಾಡಲು ಅದೇ ವಾರ ಅನುಮತಿ ಕೇಳಿ. ಥಯೋಸಲ್ಫೇಟ್ ಇಟ್ಟಷ್ಟೂ ಬಲ ಕಳೆದುಕೊಳ್ಳುತ್ತದೆ, ಮತ್ತೆ ಸ್ಟ್ಯಾಂಡರ್ಡೈಸ್ ಮಾಡಬೇಕಾಗುತ್ತದೆ (ಅದರ ನಿಜವಾದ ಬಲ ಅಳೆಯಬೇಕಾಗುತ್ತದೆ), ಒಬ್ಬರಿಗಾಗಿ ಮುಂದಿನ ವಾರ ಅದನ್ನೆಲ್ಲ ಮಾಡಿಕೊಡುವುದು ಲ್ಯಾಬಿನವರಿಗೂ ಕಷ್ಟ.