ನೀರಿನ ವಿಷಯ: ಇವತ್ತೇ ತೀರ್ಮಾನ ಆಗಬೇಕು

ಮನೆ 14 (ರಾತ್ರಿ 2:40): ಎದ್ದಿರೋರು ಯಾರಾದ್ರೂ ಇದ್ದೀರಾ? ಮತ್ತೆ ಅದೇ ತಿರುವು, ಅದೇ ವಾಲ್ವ್. ಸಂಪ್‌ಗೆ ಇಳಿದಿದ್ದು ಕಪ್ಪು ನೀರು, ಚರಂಡಿ ನಾತ. "ಹೊಸ ಪೈಪ್ ಬರುತ್ತೆ" ಅಂತ ಇನ್ನೊಂದ್ಸಲ ಯಾರೂ ಹೇಳ್ಬೇಡಿ!

ಮನೆ 31: ಮೊದಲು ಮೋಟರ್ ಆಫ್ ಮಾಡಿ, ಮೇಲಿನ ಟ್ಯಾಂಕಿಗೆ ಏರಿಸಬೇಡಿ. ಸರಬರಾಜು ನಿಂತಾಗ ಪೈಪೊಳಗೆ ಒತ್ತಡ ಬಿದ್ದುಹೋಗುತ್ತೆ, ಪಕ್ಕದ ಚರಂಡಿ ಲೈನಿಂದ ಒಸರಿದ್ದನ್ನ ಸಡಿಲ ಜಾಯಿಂಟ್ ಒಳಗೆಳ್ಕೊಳ್ಳುತ್ತೆ. ಮತ್ತೆ ಬಿಟ್ಟಾಗ ಮೊದಲು ಬರೋದು ಅದೇ.

ಮನೆ 9: ಕಾರಣ ಅದಲ್ಲ. ಲೈನ್‌ಗೆ ನೇರವಾಗಿ ಮೋಟರ್ ಹಾಕಿರೋರು. ಹೆಸರು ಹೇಳ್ಬೇಕಾ?

ಮನೆ 22: ಹೇಳಿ. ನಿಮ್ಮ ಗೇಟ್ ಪಕ್ಕದ ಪಂಪ್ ಏನು, ಸೈಕಲ್‌ಗೆ ಗಾಳಿ ಹೊಡಿಯೋಕಾ? 😂

ಮನೆ 31: ಮೋಟರ್ ಹೀರಿದ್ರೆ ಒತ್ತಡ ಇನ್ನೂ ಕುಸಿಯುತ್ತೆ, ನಿಜ. ಆದ್ರೆ ಜಾಯಿಂಟ್ ಯಾಕೆ ಹಾಗೇ ಉಳಿದಿದೆ? ಹೊಸ ಪೈಪ್‌ಗೆ ಅನುದಾನ ಬರುತ್ತೆ. ರಿಪೇರಿ ದುಡ್ಡು ಬಿಲ್ ವಸೂಲಿಯಿಂದ ಹುಟ್ಟಬೇಕು, ಅದು ಕರೆಂಟ್ ಬಿಲ್ಲಿಗೇ ಸಾಲಲ್ಲ. ಮೇಲೆ, ನೀರು ಕೊಡೋರೇ ನೀರಿನ ಪರೀಕ್ಷೆ ಮಾಡಿದ್ರೆ ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕ್ಕೊಂಡ ಹಾಗೆ. ಕಾಂಬೋಡಿಯಾದ ರಾಜಧಾನಿ ಫ್ನೊಮ್ ಪೆನ್‌ನಲ್ಲಿ 1993ರಲ್ಲಿ ಶೇ. 72ರಷ್ಟು ನೀರು ಲೆಕ್ಕಕ್ಕೇ ಸಿಗ್ತಿರಲಿಲ್ಲ. ಎಲ್ಲ ಸಂಪರ್ಕಕ್ಕೂ ಮೀಟರ್ ಹಾಕಿ, ಸರ್ಕಾರಿ ಕಚೇರಿಗಳಿಂದಲೂ ವಸೂಲಿ ಮಾಡಿ, ಸೋರಿಕೆ ಹುಡುಕಿ ಮುಚ್ಚಿ, ಸುಮಾರು ಶೇ. 6ಕ್ಕೆ ಇಳಿಸಿದ್ರು.

ಮನೆ 9: ಬಿಲ್ ಏರಿಸೋಕೆ ಪೀಠಿಕೆ. ಗೊತ್ತಾಯ್ತು ಬಿಡಿ.

ಮನೆ 5: *ಫಾರ್ವರ್ಡ್* ಬೆಳಿಗ್ಗೆ ಎದ್ದ ಕೂಡಲೇ 4 ಲೋಟ ನೀರು ಕುಡಿದರೆ 40 ಕಾಯಿಲೆ ಮಾಯ 🙏

ಮನೆ 14: ಯಾವ ನೀರು ಸರ್, ಈ ಕಪ್ಪುದಾ?

ಮನೆ 31: ಸಂಪ್ ಖಾಲಿ ಮಾಡಿ, ಕೆಸರು ತೆಗೆದು, ಗೋಡೆ ತಿಕ್ಕಿಸಿ. ಒಬ್ಬರೇ ಇಳಿಯೋದು ಬೇಡ. ಶುದ್ಧ ನೀರು ತುಂಬಿ, ಸಾವಿರ ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ (ಶೇ. 25 ಕ್ಲೋರಿನ್ ಇರೋದು, ಹಳೇ ಪ್ಯಾಕೆಟ್‌ನಲ್ಲಿ ಕಸುವಿರಲ್ಲ) ಕಲಸಿ, ರಾತ್ರಿಯಿಡೀ ಬಿಟ್ಟು ಪೂರ್ತಿ ಚೆಲ್ಲಿ. ಆಮೇಲೆ ನೀರು ಬಿಟ್ಟಾಗ ವಾಲ್ವ್ ಕಡೆಯಿಂದ ಮನೆ ಮನೆ ನಲ್ಲಿಯಲ್ಲಿ ಕ್ಲೋರಿನ್ ನೋಡೋಣ. ಲೀಟರಿಗೆ 0.2 ಮಿಗ್ರಾಂ ಆದ್ರೂ ಇರಬೇಕು. ಚರಂಡಿ ನೀರು ಸೇರಿದ ಕಡೆ ಕ್ಲೋರಿನ್ ಖರ್ಚಾಗಿಹೋಗುತ್ತೆ. ಎಲ್ಲಿ ಥಟ್ಟನೆ ಸೊನ್ನೆ ಆಗುತ್ತೋ ಅದಕ್ಕೂ ಹಿಂದಿನ ಮನೆಗೂ ನಡುವೆ ಅಗೆಸಿದ್ರೆ ಸಾಕು, ಇಡೀ ರಸ್ತೆ ಬಗೆಯೋದು ಬೇಡ.

ಮನೆ 22: ವಾಲ್ವ್ ಛೇಂಬರ್ ಮುಚ್ಚಳದ ಮೇಲೇ ಕಾರು ನಿಂತಿದೆ. ತೆಗೆಯೋದು ಹೇಗೆ?

ಮನೆ 9: ಹಾಂ, ಈಗ ಬಂತು ವಿಷಯ! ಎರಡು ಕಾರು ಇಟ್ಕೊಂಡು ಒಂದನ್ನ ರಸ್ತೆಗೆ ಬಿಡೋರದ್ದು.

ಮನೆ 18: ನೇರವಾಗಿ ನನ್ನ ಹೆಸರೇ ಹೇಳಿ.

ಅಡ್ಮಿನ್: ಭಾನುವಾರ 10ಕ್ಕೆ ಸಭೆ. ವಿಷಯ: ಪಾರ್ಕಿಂಗ್.

ಮನೆ 31: ಕ್ಲೋರಿನ್ ಕಿಟ್ ಇದೆ. ರಸ್ತೆ ತುದಿ ಮನೆಯವರು ಯಾರು ನೀರು ಹಿಡಿದಿಡ್ತೀರಿ?

ಮನೆ 40: ಬಿಳಿ ಕಾರಾ, ಬೂದು ಕಾರಾ?